ತಪ್ಪು ಉತ್ತರವನ್ನು ಓದಬಲ್ಲ ಟೀಚರ್

ಎರಡನೇ ತರಗತಿಯ ಒಂದು ಮಗುವಿನ ಸ್ಲೇಟಿನಲ್ಲಿ ಈ ನಾಲ್ಕು ಕಳೆಯುವ ಲೆಕ್ಕ ಇವೆ ಎಂದುಕೊಳ್ಳಿ.

52 − 27 = 35
81 − 46 = 45
64 − 31 = 33
70 − 38 = 48

ಮೂರು ತಪ್ಪು, ಒಂದು ಸರಿ. ನಾಲ್ಕಕ್ಕೆ ಒಂದು ಅಂಕ. ಪಕ್ಕದಲ್ಲಿ ಕೂತ ಮಗುವಿನ ಸ್ಲೇಟಿನಲ್ಲೂ ಮೊದಲ ಮೂರು ಉತ್ತರ ಇವೇ. ನಾಲ್ಕನೆಯದು ಮಾತ್ರ 42. ಅದಕ್ಕೂ ಒಂದೇ ಅಂಕ. ಗಡಿಬಿಡಿಯಲ್ಲಿ ನೋಡಿದರೆ ಒಬ್ಬರದ್ದು ನೋಡಿ ಇನ್ನೊಬ್ಬರು ಬರೆದಿದ್ದಾರೆ, ಇಬ್ಬರಿಗೂ ಲೆಕ್ಕ ತಲೆಗೆ ಹತ್ತಿಲ್ಲ ಎಂದು ತೀರ್ಮಾನಿಸಿ ಮುಂದೆ ಹೋಗಬಹುದು.

ನಿಧಾನವಾಗಿ ನೋಡಿ. ಮೊದಲ ಮಗು ಪ್ರತಿ ಸ್ಥಾನದಲ್ಲೂ ದೊಡ್ಡ ಅಂಕಿಯಿಂದ ಚಿಕ್ಕದನ್ನು ಕಳೆದಿದೆ. ಯಾವುದು ಮೇಲಿದೆ, ಯಾವುದು ಕೆಳಗಿದೆ ಎಂದು ನೋಡಿಲ್ಲ. 7ರಲ್ಲಿ 2 ಹೋದರೆ 5, 5ರಲ್ಲಿ 2 ಹೋದರೆ 3. ನಾಲ್ಕು ಲೆಕ್ಕವನ್ನೂ ಒಂದೇ ನಿಯಮದಿಂದ, ಎಲ್ಲೂ ಜಾರದೆ ಮಾಡಿ ಮುಗಿಸಿದೆ. ಎರಡನೇ ಮಗುವಿಗೆ ಸಾಲ ತೆಗೆದುಕೊಳ್ಳುವುದು ಗೊತ್ತು. 2ನ್ನು 12 ಮಾಡಿ, ಅದರಲ್ಲಿ 7 ಕಳೆದು 5 ಬರೆದಿದೆ. ಹತ್ತರ ಸ್ಥಾನದ 5 ಈಗ 4 ಆಗಿದೆ ಎನ್ನುವುದನ್ನು ಮಾತ್ರ ಬಿಟ್ಟಿದೆ. ಎರಡೂ ಬೇರೆ ಬೇರೆ ತಪ್ಪು. ಹಾಗಿದ್ದರೂ ಉತ್ತರ ಒಂದೇ ಬಂದದ್ದಕ್ಕೆ ಕಾರಣ ಮಕ್ಕಳಲ್ಲಿ ಇಲ್ಲ, ಲೆಕ್ಕ ಆರಿಸಿದ ರೀತಿಯಲ್ಲಿದೆ. 2 ಮತ್ತು 7ರ ನಡುವೆ, 1 ಮತ್ತು 6ರ ನಡುವೆ ವ್ಯತ್ಯಾಸ 5. ವ್ಯತ್ಯಾಸ 5 ಇದ್ದಾಗ ಎರಡು ತಪ್ಪು ದಾರಿಗಳೂ ಒಂದೇ ಅಂಕಿಗೆ ಬಂದು ಸೇರುತ್ತವೆ. 70 − 38ರಲ್ಲಿ ಮಾತ್ರ ದಾರಿಗಳು ಕವಲೊಡೆದವು: ಒಂದು 48ಕ್ಕೆ ಹೋಯಿತು, ಇನ್ನೊಂದು 42ಕ್ಕೆ.

ಇದು ಗೊತ್ತಿರುವ ಟೀಚರ್ 43 − 16 ಕೊಡುತ್ತಾರೆ. 27 ಬಂದರೆ ಸರಿ. 33 ಬಂದರೆ ಮಗು ದೊಡ್ಡದರಿಂದ ಚಿಕ್ಕದನ್ನು ಕಳೆಯುತ್ತಿದೆ. 37 ಬಂದರೆ ಸಾಲ ತೆಗೆದು ಹತ್ತರ ಸ್ಥಾನದಲ್ಲಿ ಕಡಿಮೆ ಮಾಡಿಲ್ಲ. ಒಂದೇ ಲೆಕ್ಕ, ಒಂದೇ ನಿಮಿಷ, ಮೂರು ಬೇರೆ ಬೇರೆ ಮಾಹಿತಿ. ಇಂಥ ತಪ್ಪುಗಳು ಅಜಾಗರೂಕತೆಯಿಂದ ಬರುವುದಿಲ್ಲ, ಅವುಗಳ ಹಿಂದೆ ಒಂದು ಕ್ರಮ ಇರುತ್ತದೆ ಎಂದು 1978ರಲ್ಲಿ ಜಾನ್ ಸೀಲಿ ಬ್ರೌನ್ ಮತ್ತು ರಿಚರ್ಡ್ ಬರ್ಟನ್ ಎಂಬ ಸಂಶೋಧಕರು ವಿವರವಾಗಿ ತೋರಿಸಿದರು. ಕಂಪ್ಯೂಟರ್ ಪ್ರೋಗ್ರಾಮಿನಲ್ಲಿರುವ ದೋಷಕ್ಕೆ ಹೇಳುವ 'ಬಗ್' ಎಂಬ ಹೆಸರನ್ನೇ ಅವಕ್ಕೂ ಕೊಟ್ಟರು.

ಮೊದಲ ಮಗುವಿನ ತಪ್ಪು ಹುಟ್ಟಿದ್ದು ಎಲ್ಲಿ? ಎಷ್ಟೋ ಸಲ ಒಂದನೇ ತರಗತಿಯಲ್ಲೇ. "ಚಿಕ್ಕದರಲ್ಲಿ ದೊಡ್ಡದನ್ನು ಕಳೆಯೋಕೆ ಬರಲ್ಲ" ಎಂದು ಅಲ್ಲಿ ಹೇಳಿಕೊಟ್ಟಿರುತ್ತಾರೆ. ಮಗು ಆ ಮಾತನ್ನು ಚಾಚೂ ತಪ್ಪದೆ ಪಾಲಿಸುತ್ತಿದೆ. 2ರಲ್ಲಿ 7 ಕಳೆಯೋಕೆ ಬರಲ್ಲ ತಾನೇ, ಹಾಗಾಗಿ 7ರಲ್ಲಿ 2 ಕಳೆಯಿತು. ಆ ಮಗುವನ್ನು "ಹೇಳಿದ್ದು ಕೇಳಲ್ಲ" ಎಂದು ಬೈದರೆ ಎಷ್ಟು ಅನ್ಯಾಯ ಎಂದು ಯೋಚಿಸಿ.

ಹೇಳಬೇಕಾದ ವಿಷಯ ಇಲ್ಲಿಂದಲೇ ಶುರುವಾಗುತ್ತದೆ. ಮಕ್ಕಳ ಬಗ್ಗೆ ಶಿಕ್ಷಕರ ನಂಬಿಕೆ ಬೇರೆ, ಪಾಠದ ವಿಷಯದ ಮೇಲಿನ ಅವರ ತಿಳಿವಳಿಕೆ ಬೇರೆ ಎಂದು ಇವೆರಡನ್ನು ಬೇರೆ ಬೇರೆ ಮಾತಾಡುವುದು ರೂಢಿ. ಒಂದಕ್ಕೆ ಪ್ರೇರಣಾ ಭಾಷಣ, ಇನ್ನೊಂದಕ್ಕೆ ತರಬೇತಿ. ತರಗತಿಯೊಳಗೆ ಇವೆರಡೂ ಒಂದಕ್ಕೊಂದು ಹೆಣೆದುಕೊಂಡಿರುತ್ತವೆ. ತಪ್ಪಿನ ಒಳಗಿನ ಲೆಕ್ಕಾಚಾರ ಕಾಣದ ಟೀಚರಿಗೆ ಆ ಮಗುವಿನ ಬಗ್ಗೆ ಹೇಳಲು ಉಳಿಯುವುದು "ದಡ್ಡ" ಎಂಬ ಒಂದೇ ಮಾತು. ಕಾಣುವವರಿಗೆ ಆ ಮಾತಿನ ಅಗತ್ಯವೇ ಬೀಳುವುದಿಲ್ಲ.

ನಂಬಿಕೆಯ ಪ್ರಭಾವದ ಮಾತು ಬಂದಾಗಲೆಲ್ಲ 1968ರ ಒಂದು ಪ್ರಯೋಗವನ್ನು ಎಲ್ಲರೂ ಎತ್ತುತ್ತಾರೆ. ರಾಬರ್ಟ್ ರೋಸೆಂತಾಲ್ ಮತ್ತು ಲೆನೋರ್ ಜೇಕಬ್ಸನ್ ಕ್ಯಾಲಿಫೋರ್ನಿಯಾದ ಒಂದು ಪ್ರಾಥಮಿಕ ಶಾಲೆಯ 18 ತರಗತಿಗಳಲ್ಲಿ ಸುಮಾರು 20 ಶೇಕಡಾ ಮಕ್ಕಳನ್ನು ಚೀಟಿ ಎತ್ತಿದ ಹಾಗೆ ಆರಿಸಿ, "ಈ ವರ್ಷ ಇವರು ತುಂಬ ಮುಂದೆ ಬರುತ್ತಾರೆ ಎಂದು ಪರೀಕ್ಷೆ ಹೇಳುತ್ತದೆ" ಎಂದು ಶಿಕ್ಷಕರಿಗೆ ತಿಳಿಸಿದರು. ವರ್ಷದ ಕೊನೆಗೆ ಆ ಮಕ್ಕಳ ಬುದ್ಧಿಮತ್ತೆಯ ಅಂಕ ಉಳಿದವರಿಗಿಂತ ಹೆಚ್ಚು ಏರಿತ್ತು. ಇಷ್ಟು ಹೇಳಿ ನಿಲ್ಲಿಸಿದರೆ ಅರ್ಧ ಸತ್ಯವಾಗುತ್ತದೆ. ಏರಿಕೆ ಎದ್ದು ಕಂಡದ್ದು ಒಂದನೇ, ಎರಡನೇ ತರಗತಿಗಳಲ್ಲಿ ಮಾತ್ರ. ಬಳಸಿದ ಪರೀಕ್ಷೆ ಅಷ್ಟು ಚಿಕ್ಕ ಮಕ್ಕಳಿಗೆ ತಕ್ಕದ್ದಲ್ಲ ಎಂದು ರಾಬರ್ಟ್ ಥಾರ್ನ್‌ಡೈಕ್ ಅದೇ ವರ್ಷ ಕಟುವಾಗಿ ಟೀಕಿಸಿದರು. 1984ರಲ್ಲಿ ಸ್ಟೀಫನ್ ರಾಡನ್‌ಬುಷ್ ಅಂಥ 18 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಹೆಚ್ಚು ಉಪಯುಕ್ತವಾದ ಸಂಗತಿ ಸಿಕ್ಕಿತು: ಮಕ್ಕಳ ಪರಿಚಯವಾಗಿ ಎರಡು ವಾರ ಕಳೆದ ಮೇಲೆ ಇಂಥ ಸುಳ್ಳು ಮಾಹಿತಿ ಕೊಟ್ಟರೆ ಶಿಕ್ಷಕರ ಮೇಲೆ ಅದು ಹೆಚ್ಚುಕಡಿಮೆ ನಾಟುವುದೇ ಇಲ್ಲ. ಅಷ್ಟರಲ್ಲಿ ಅವರ ಮನಸ್ಸಿನಲ್ಲಿ ಅವರದ್ದೇ ಅಭಿಪ್ರಾಯ ಕೂತಿರುತ್ತದೆ.

ಮುಂದಿನ ಸಂಶೋಧನೆಗಳನ್ನೂ ಸೇರಿಸಿ ಹೇಳುವುದಾದರೆ, ಸಾಮಾನ್ಯ ತರಗತಿಯಲ್ಲಿ ನಿರೀಕ್ಷೆಯ ಪರಿಣಾಮ ಸಣ್ಣದು. ಶಿಕ್ಷಕರ ಅಂದಾಜು ಬಹುತೇಕ ಸರಿಯಾಗಿಯೇ ಇರುತ್ತದೆ, ಅವರು ಎದುರಿಗಿರುವ ಮಗುವನ್ನು ನೋಡಿಯೇ ಅಂದಾಜು ಮಾಡಿರುತ್ತಾರೆ. ಹಾಗೆಂದು ಇದನ್ನು ತಳ್ಳಿಹಾಕಬೇಡಿ. ಮೊದಲ ಎರಡು ವಾರದಲ್ಲಿ ಕೂತ ಅಭಿಪ್ರಾಯ ವರ್ಷಪೂರ್ತಿ, ದಿನಕ್ಕೆ ಹತ್ತಾರು ಸಲ, ಸಣ್ಣ ಸಣ್ಣ ಕೆಲಸಗಳಲ್ಲಿ ಹೊರಬರುತ್ತದೆ. ಚಿಕ್ಕ ತರಗತಿಯ ಮಕ್ಕಳಿಗೆ ತಮ್ಮ ಬಗ್ಗೆ ತಮ್ಮದೇ ಆದ ಅಂದಾಜು ಇನ್ನೂ ಗಟ್ಟಿಯಾಗಿರುವುದಿಲ್ಲ. ಟೀಚರ್ ಮುಖದಲ್ಲಿ ಕಂಡದ್ದನ್ನೇ ನಂಬುತ್ತಾರೆ.

ಆ ಸಣ್ಣ ಕೆಲಸಗಳು ಯಾವುವು? ಜೆರ್ ಬ್ರೋಫಿ ಮತ್ತು ಥಾಮಸ್ ಗುಡ್ 1970ರಲ್ಲಿ ನಾಲ್ಕು ಒಂದನೇ ತರಗತಿಗಳಲ್ಲಿ ಕೂತು ಎಣಿಸಿದರು. ಜಾಣ ಎಂದು ಟೀಚರ್ ಭಾವಿಸಿದ ಮಗು ತಪ್ಪು ಹೇಳಿದರೆ ಪ್ರಶ್ನೆಯನ್ನು ಮತ್ತೆ ಕೇಳುತ್ತಾರೆ, ಬೇರೆ ಮಾತಿನಲ್ಲಿ ಕೇಳುತ್ತಾರೆ, ಸುಳಿವು ಕೊಡುತ್ತಾರೆ. ಹಿಂದೆ ಎಂದು ಭಾವಿಸಿದ ಮಗು ತಪ್ಪು ಹೇಳಿದರೆ ಉತ್ತರವನ್ನು ತಾವೇ ಹೇಳಿಬಿಡುತ್ತಾರೆ, ಇಲ್ಲವೇ ಪಕ್ಕದ ಮಗುವನ್ನು ಎಬ್ಬಿಸುತ್ತಾರೆ. ಸರಿ ಉತ್ತರಕ್ಕೆ ಸಿಗುವ ಶಹಭಾಸ್‌ಗಿರಿಯಲ್ಲೂ ಇದೇ ತಾರತಮ್ಯ. ಯಾರಿಗೂ ಕೆಡುಕು ಮಾಡುವ ಉದ್ದೇಶ ಇರಲಿಲ್ಲ. ತಡವರಿಸುವ ಮಗುವನ್ನು ಎಲ್ಲರೆದುರು ನಿಲ್ಲಿಸಿ ಮುಜುಗರ ಮಾಡಬಾರದು ಎಂಬ ಕರುಣೆಯೂ ಅದರಲ್ಲಿ ಇದ್ದೀತು. ಆದರೆ ಲೆಕ್ಕ ಹಾಕಿ: ಒಂದು ಮಗುವಿಗೆ ವರ್ಷದಲ್ಲಿ ನೂರಾರು ಸಲ ಮತ್ತೊಮ್ಮೆ ಯೋಚಿಸುವ ಅವಕಾಶ ಸಿಕ್ಕಿತು, ಇನ್ನೊಂದಕ್ಕೆ ಅದರ ಕಾಲು ಭಾಗವೂ ಸಿಗಲಿಲ್ಲ ಅಂದರೆ ಮಾರ್ಚ್ ಹೊತ್ತಿಗೆ ಇಬ್ಬರ ನಡುವಿನ ಅಂತರ ಬೆಳೆಯದೆ ಇರುತ್ತದೆಯೇ?

ಮೇರಿ ಬಡ್ ರೋ ಎಂಬ ಶಿಕ್ಷಣ ಸಂಶೋಧಕಿ ಅಳೆದದ್ದು ಇನ್ನೂ ಸೂಕ್ಷ್ಮವಾದದ್ದನ್ನು. ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಕಾಯುವುದು ಸರಾಸರಿ ಒಂದು ಸೆಕೆಂಡು, ಕೆಲವೊಮ್ಮೆ ಅಷ್ಟೂ ಇಲ್ಲ. ಮುಂದಿದ್ದಾರೆ ಎಂದುಕೊಂಡ ಮಕ್ಕಳಿಗೆ ಹೆಚ್ಚು ಹೊತ್ತು, ಹಿಂದಿದ್ದಾರೆ ಎಂದುಕೊಂಡವರಿಗೆ ಕಡಿಮೆ ಹೊತ್ತು. ಯಾರಿಗೆ ಸಮಯ ಹೆಚ್ಚು ಬೇಕೋ ಅವರಿಗೇ ಕಡಿಮೆ. ಕಾಯುವುದನ್ನು ಮೂರು ಸೆಕೆಂಡಿಗೆ ಏರಿಸಿದಾಗ ಮಕ್ಕಳ ಉತ್ತರ ಉದ್ದವಾಯಿತು, ಸುಮ್ಮನೆ ಕೂರುವುದು ಕಡಿಮೆಯಾಯಿತು, ಹಿಂದಿನ ಬೆಂಚಿನಿಂದ ಉತ್ತರ ಬರತೊಡಗಿತು. ಆ ಮಕ್ಕಳ ಬಗ್ಗೆ ಶಿಕ್ಷಕರ ಅಭಿಪ್ರಾಯವೂ ಅದರ ಬೆನ್ನಿಗೇ ಬದಲಾಯಿತು.

ಮೂರು ಸೆಕೆಂಡು ಕಾಯುವುದು ಹೇಳಿದಷ್ಟು ಸುಲಭ ಇಲ್ಲ. ತರಗತಿಯ ಮೌನದಲ್ಲಿ ಅದು ಅರ್ಧ ನಿಮಿಷದ ಹಾಗೆ ಅನಿಸುತ್ತದೆ. ಮನಸ್ಸಿನಲ್ಲಿ "ಸಾವಿರದ ಒಂದು, ಸಾವಿರದ ಎರಡು, ಸಾವಿರದ ಮೂರು" ಎಂದು ಎಣಿಸಿದರೆ ಸುಮಾರು ಸರಿಹೋಗುತ್ತದೆ. ಮಗು ಉತ್ತರ ಹೇಳಿದ ಮೇಲೂ ಇನ್ನೊಮ್ಮೆ ಅಷ್ಟೇ ಕಾಯಬೇಕು, ಏಕೆಂದರೆ "ಯಾಕಂದ್ರೆ…" ಎಂದು ಮಗು ಮುಂದುವರಿಸುವುದು ಆ ಎರಡನೇ ಮೌನದಲ್ಲಿ. ಕೆಡುವುದು ಎಲ್ಲಿ ಅಂದರೆ, ಒಂದು ಮಗುವನ್ನು ಎಬ್ಬಿಸಿ ನಿಲ್ಲಿಸಿ ಕಾದಾಗ. ಸುತ್ತ ಹತ್ತು ಕೈಗಳು "ಮಿಸ್, ನಾನು ಮಿಸ್" ಎಂದು ಗಾಳಿಯಲ್ಲಿ ಆಡುತ್ತಿದ್ದರೆ ನಿಂತ ಮಗುವಿಗೆ ಯೋಚನೆ ಹೊಳೆಯುವುದಿಲ್ಲ, ಆ ಮೂರು ಸೆಕೆಂಡು ಶಿಕ್ಷೆಯಾಗುತ್ತದೆ. ಆದ್ದರಿಂದ ಕೈ ಎತ್ತುವ ಪದ್ಧತಿಯನ್ನೇ ಬಿಡಿ. ಪ್ರಶ್ನೆ ಕೇಳಿ, ಎಲ್ಲರೂ ಸ್ಲೇಟಿನಲ್ಲಿ ಬರೆಯಲಿ, ಹೇಳಿದಾಗ ಒಟ್ಟಿಗೆ ತಿರುಗಿಸಿ ತೋರಿಸಲಿ. ಆಮೇಲೆ ಯಾರನ್ನು ಬೇಕಾದರೂ "ಇದು ಹೇಗೆ ಬಂತು ಹೇಳಮ್ಮ" ಎಂದು ಕೇಳಬಹುದು. ಸರಿ ಬರೆದವರನ್ನೂ ಹಾಗೆಯೇ ಕೇಳಿ. ತಪ್ಪಿದ್ದಾಗ ಮಾತ್ರ "ಹೇಗೆ ಬಂತು" ಎಂದು ಕೇಳಿದರೆ ಒಂದೇ ವಾರದಲ್ಲಿ ಮಕ್ಕಳಿಗೆ ಗುಟ್ಟು ಗೊತ್ತಾಗಿ, ಪ್ರಶ್ನೆ ಕಿವಿಗೆ ಬಿದ್ದ ಕೂಡಲೇ ಉತ್ತರ ಒರೆಸಿಬಿಡುತ್ತಾರೆ.

ಮಕ್ಕಳಿಗೆ ಇಂಥ ಗುಟ್ಟು ಎಷ್ಟು ಬೇಗ ತಿಳಿಯುತ್ತದೆ ಅನ್ನುವುದಕ್ಕೆ ಎಲಿಶಾ ಬಾಬಾದ್ ಮತ್ತು ಜೊತೆಗಾರರು 1991ರಲ್ಲಿ ಪ್ರಕಟಿಸಿದ ಕೆಲಸ ನೋಡಿ. ಟೀಚರ್ ಮಾತಾಡುತ್ತಿರುವ ಹತ್ತು ಸೆಕೆಂಡಿನ ತುಣುಕುಗಳು. ಎದುರಿಗಿರುವ ವಿದ್ಯಾರ್ಥಿ ಚಿತ್ರದಲ್ಲಿ ಕಾಣುವುದಿಲ್ಲ. ನೋಡಿದವರಲ್ಲಿ ನಾಲ್ಕನೇ ತರಗತಿಯ ಮಕ್ಕಳೂ ಇದ್ದರು. ಟೀಚರ್ ಆ ವಿದ್ಯಾರ್ಥಿಯನ್ನು ಜಾಣ ಎಂದುಕೊಂಡಿದ್ದಾರೋ ಹಿಂದೆ ಎಂದುಕೊಂಡಿದ್ದಾರೋ ಎಂದು ಅವರು ಬರೀ ಮುಖ, ದನಿ ನೋಡಿಯೇ ಗುರುತಿಸಿದರು. ಒಳಗೆ ನಂಬಿಕೆ ಇಲ್ಲದೆ ಹೊರಗೆ "ವೆರಿ ಗುಡ್" ಹೇಳುವುದು ಅದಕ್ಕೇ ಫಲ ಕೊಡುವುದಿಲ್ಲ.

ಕರುಣೆಯ ಬಗ್ಗೆ ಇನ್ನೊಂದು ಮಾತು ಹೇಳಲೇಬೇಕು, ಏಕೆಂದರೆ ಒಳ್ಳೆಯ ಮನಸ್ಸಿನ ಶಿಕ್ಷಕರೇ ಇಲ್ಲಿ ಎಡವುತ್ತಾರೆ. "ಪರವಾಗಿಲ್ಲ ಕಂದ, ಎಲ್ಲರಿಗೂ ಲೆಕ್ಕ ಬರಬೇಕು ಅಂತೇನಿಲ್ಲ, ನೀನು ಚಿತ್ರ ಚೆನ್ನಾಗಿ ಬಿಡಿಸ್ತೀಯ." ಸಮಾಧಾನದ ಮಾತಿನ ಹಾಗೆ ಕೇಳುತ್ತದೆ. ಮಗುವಿಗೆ ತಲುಪುವುದು "ನಿನ್ನಿಂದ ಇದು ಆಗಲ್ಲ ಎಂದು ಟೀಚರಿಗೂ ಗೊತ್ತಾಗಿದೆ" ಎಂಬ ತೀರ್ಪು. ಸ್ಯಾಂಡ್ರಾ ಗ್ರಹಾಂ ಮತ್ತು ಜಾರ್ಜ್ ಬಾರ್ಕರ್ 1990ರಲ್ಲಿ ಮಕ್ಕಳಿಗೆ ವಿಡಿಯೋ ತೋರಿಸಿದರು: ಲೆಕ್ಕ ಮಾಡುತ್ತಿರುವ ಇಬ್ಬರು ಹುಡುಗರಲ್ಲಿ ಒಬ್ಬನಿಗೆ ಕೇಳದೆಯೇ ಟೀಚರ್ ಸಹಾಯ ಮಾಡುತ್ತಾರೆ. ನೋಡಿದ ಮಕ್ಕಳು ಸಹಾಯ ಪಡೆದವನಿಗೇ ಬುದ್ಧಿ ಕಡಿಮೆ ಎಂದರು. ಹಾಗಾಗಿ ಮಗು ತಡವರಿಸಿದ ತಕ್ಷಣ ಪೆನ್ಸಿಲ್ ಕಿತ್ತುಕೊಂಡು ಬರೆದುಕೊಡಬೇಡಿ. "ಇಲ್ಲಿವರೆಗೆ ಏನು ಮಾಡಿದೆ, ತೋರಿಸು" ಎಂದು ಕೇಳಿ, ಒಂದೇ ಒಂದು ಸುಳಿವು ಕೊಟ್ಟು ಪಕ್ಕದ ಸಾಲಿಗೆ ಹೋಗಿ. ಎರಡು ನಿಮಿಷ ಬಿಟ್ಟು ಮರೆಯದೆ ವಾಪಸ್ ಬನ್ನಿ. ವಾಪಸ್ ಬರುವುದು ಮುಖ್ಯ. ಬರದಿದ್ದರೆ ಬಿಟ್ಟುಹೋದ ಹಾಗೆ ಆಗುತ್ತದೆ.

ಇನ್ನು ತಮ್ಮ ಬಗ್ಗೆ ಶಿಕ್ಷಕರಿಗಿರುವ ನಂಬಿಕೆ. 2010ರಲ್ಲಿ ಸಿಯಾನ್ ಬೈಲಾಕ್ ಮತ್ತು ಜೊತೆಗಾರರು ಒಂದನೇ ಮತ್ತು ಎರಡನೇ ತರಗತಿಯ 17 ಶಿಕ್ಷಕಿಯರ ಹಾಗೂ 117 ಮಕ್ಕಳ ಅಧ್ಯಯನ ಪ್ರಕಟಿಸಿದರು. ವರ್ಷದ ಮೊದಲಲ್ಲಿ ಶಿಕ್ಷಕಿಯ ಗಣಿತದ ಭಯಕ್ಕೂ ಮಕ್ಕಳ ಗಣಿತಕ್ಕೂ ಸಂಬಂಧ ಇರಲಿಲ್ಲ. ವರ್ಷದ ಕೊನೆಗೆ, ಶಿಕ್ಷಕಿಯ ಭಯ ಹೆಚ್ಚಿದ್ದಲ್ಲಿ ಹೆಣ್ಣುಮಕ್ಕಳು "ಲೆಕ್ಕ ಹುಡುಗರಿಗೆ, ಓದು ಹುಡುಗಿಯರಿಗೆ" ಎಂದು ನಂಬುವುದು ಹೆಚ್ಚಾಗಿತ್ತು. ಹಾಗೆ ನಂಬಿದವರ ಅಂಕವೂ ಕಡಿಮೆ. ಹುಡುಗರ ಮೇಲೆ ಪರಿಣಾಮ ಕಾಣಲಿಲ್ಲ. ಅಧ್ಯಯನ ಚಿಕ್ಕದು, ಅದರ ಮೇಲೆ ದೊಡ್ಡ ಕಟ್ಟಡ ಕಟ್ಟಬಾರದು. ಆದರೂ "ನನಗೂ ಚಿಕ್ಕಂದಿನಿಂದ ಲೆಕ್ಕ ಅಂದ್ರೆ ಆಗಲ್ಲ" ಎಂದು ಮಕ್ಕಳೆದುರು ನಗುತ್ತ ಹೇಳುವ ಅಭ್ಯಾಸ ಬಿಡಲು ಇಷ್ಟು ಸಾಕು. ಗೊತ್ತಾಗದ ಲೆಕ್ಕ ಬಂದಾಗ "ತಡಿ, ಇದನ್ನ ಒಟ್ಟಿಗೆ ನೋಡೋಣ" ಎಂದು ಕಪ್ಪುಹಲಗೆಯ ಮೇಲೆ ಜೋರಾಗಿ ಯೋಚಿಸುವ ಟೀಚರ್, ಯೋಚಿಸುವುದು ಹೇಗಿರುತ್ತದೆ ಎಂಬುದನ್ನೇ ಮಕ್ಕಳಿಗೆ ತೋರಿಸಿರುತ್ತಾರೆ.

ಈಗ ತಿಳಿವಳಿಕೆಗೆ ಬರೋಣ. ಚಿಕ್ಕ ತರಗತಿಗೆ ಪಾಠ ಮಾಡಲು ಹೆಚ್ಚೇನು ಗೊತ್ತಿರಬೇಕಿಲ್ಲ ಎನ್ನುವ ಮಾತಿನಷ್ಟು ಹಾನಿ ಮಾಡಿದ ಮಾತು ಈ ಕ್ಷೇತ್ರದಲ್ಲಿ ಇನ್ನೊಂದಿಲ್ಲ. ಹೆದರ್ ಹಿಲ್, ಬ್ರಯಾನ್ ರೋವನ್ ಮತ್ತು ಡೆಬೊರಾ ಬಾಲ್ 2005ರಲ್ಲಿ ಒಂದನೇ ಮತ್ತು ಮೂರನೇ ತರಗತಿಗಳನ್ನು ನೋಡಿ, ಗಣಿತ ಕಲಿಸಲು ಬೇಕಾದ ತಿಳಿವಳಿಕೆ ಶಿಕ್ಷಕರಲ್ಲಿ ಹೆಚ್ಚಿದ್ದಲ್ಲಿ ಮಕ್ಕಳ ಕಲಿಕೆಯೂ ಹೆಚ್ಚಿತ್ತು ಎಂದು ತೋರಿಸಿದರು. ಒಂದನೇ ತರಗತಿಯಲ್ಲೂ! ಅವರು ಅಳೆದದ್ದು ಡಿಗ್ರಿಯ ಗಣಿತವನ್ನಲ್ಲ. ಮಗುವಿನ ವಿಚಿತ್ರ ವಿಧಾನ ಎಲ್ಲ ಸಂಖ್ಯೆಗೂ ಹೊಂದುತ್ತದೆಯೇ, ಯಾವ ಚಿತ್ರ ಯಾವ ಲೆಕ್ಕಕ್ಕೆ ಸರಿಯಾಗುತ್ತದೆ, ಇಂಥ ಪ್ರಶ್ನೆಗಳನ್ನು ಕೇಳಿದ್ದರು. ವಿಷಯ ಬಲ್ಲವರಿಗೂ ವಿಷಯ ಕಲಿಸಬಲ್ಲವರಿಗೂ ಇರುವ ಈ ವ್ಯತ್ಯಾಸಕ್ಕೆ 1986ರಲ್ಲೇ ಲೀ ಶುಲ್ಮನ್ ಗಮನ ಸೆಳೆದಿದ್ದರು.

ನೀವೇ ಪರೀಕ್ಷಿಸಿಕೊಳ್ಳಲು ಒಂದು ಲೆಕ್ಕ. ಒಂದೂ ಮುಕ್ಕಾಲನ್ನು ಅರ್ಧದಿಂದ ಭಾಗಿಸಿ, ಅದಕ್ಕೆ ಹೊಂದುವ ಒಂದು ಕಥೆ ಹೇಳಿ. ಹೆಚ್ಚಿನವರು ಹೇಳುವ ಕಥೆ "ಒಂದೂ ಮುಕ್ಕಾಲು ರೊಟ್ಟಿಯನ್ನು ಇಬ್ಬರಿಗೆ ಸಮನಾಗಿ ಹಂಚಿದರೆ" ಎಂದು. ಅದು 2ರಿಂದ ಭಾಗಿಸಿದ ಹಾಗಾಯಿತು. ಅರ್ಧದಿಂದ ಭಾಗಿಸುವುದು ಅಂದರೆ ಒಂದೂ ಮುಕ್ಕಾಲು ಮೀಟರ್ ರಿಬ್ಬನ್ನಿನಲ್ಲಿ ಅರ್ಧ ಮೀಟರಿನ ತುಂಡು ಎಷ್ಟು ಸಿಗುತ್ತವೆ ಎಂದು ಕೇಳುವುದು. ಮೂರು ಪೂರ್ತಿ ತುಂಡು ಸಿಗುತ್ತವೆ, ಕಾಲು ಮೀಟರ್ ಉಳಿಯುತ್ತದೆ. ಆ ಕಾಲು ಮೀಟರ್ ಒಂದು ತುಂಡಿನ ಅರ್ಧ. ಆದ್ದರಿಂದ ಉತ್ತರ ಮೂರೂವರೆ ತುಂಡು. ಉಳಿದದ್ದು "ಕಾಲು" ತಾನೇ, ಉತ್ತರದಲ್ಲಿ "ಅರೆ" ಎಲ್ಲಿಂದ ಬಂತು ಎಂದು ಮಗು ಕೇಳಿದರೆ ಉತ್ತರಿಸಲು ಆಗಬೇಕು: ಮೀಟರಿನ ಲೆಕ್ಕದಲ್ಲಿ ಕಾಲು, ತುಂಡಿನ ಲೆಕ್ಕದಲ್ಲಿ ಅರ್ಧ. ಲಿಪಿಂಗ್ ಮಾ 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಮೆರಿಕದ 23 ಪ್ರಾಥಮಿಕ ಶಿಕ್ಷಕರಲ್ಲಿ 9 ಮಂದಿ ಮಾತ್ರ ಈ ಲೆಕ್ಕದ ಉತ್ತರ ಪೂರ್ತಿ ಸರಿಯಾಗಿ ಹೇಳಿದರು. ಚೀನಾದ 72 ಮಂದಿಯೂ ಸರಿ ಹೇಳಿದರು, ಅವರಲ್ಲಿ ಹತ್ತಕ್ಕೆ ಒಂಬತ್ತು ಮಂದಿಗೆ ಹೊಂದುವ ಕಥೆಯನ್ನೂ ಕಟ್ಟಲು ಬಂತು. ಶಾಲೆ ಕಾಲೇಜಿನಲ್ಲಿ ಕಳೆದ ವರ್ಷಗಳು ಚೀನಾದ ಶಿಕ್ಷಕರಿಗೇ ಕಡಿಮೆ. ಅವರಲ್ಲಿದ್ದದ್ದು ಕಲಿಸುವ ಪಾಠವನ್ನೇ ಸಹೋದ್ಯೋಗಿಗಳ ಜೊತೆ ಮತ್ತೆ ಮತ್ತೆ ಬಿಡಿಸಿ ನೋಡುವ ಅಭ್ಯಾಸ.

ತಿಳಿವಳಿಕೆಯ ಕೊರತೆ ಯಾವಾಗಲೂ ತಪ್ಪು ಪಾಠವಾಗಿ ಕಾಣುವುದಿಲ್ಲ. ಸದ್ಯಕ್ಕೆ ಕೆಲಸ ಮಾಡಿ ಮುಂದೆ ಕೈಕೊಡುವ ನಿಯಮವಾಗಿ ಕಾಣುತ್ತದೆ. "ಹತ್ತರಿಂದ ಗುಣಿಸಿದರೆ ಒಂದು ಸೊನ್ನೆ ಸೇರಿಸು" ಎಂದು ಕಲಿತ ಮಗು 2.5ನ್ನು ಹತ್ತರಿಂದ ಗುಣಿಸಿ 2.50 ಬರೆಯುತ್ತದೆ. "ಗುಣಿಸಿದರೆ ದೊಡ್ಡದಾಗುತ್ತೆ" ಎಂದು ಕಲಿತದ್ದು ಅರ್ಧದಿಂದ ಗುಣಿಸುವಾಗ ಮುರಿಯುತ್ತದೆ. "ಅಂಕಿ ಹೆಚ್ಚಿದ್ದರೆ ಸಂಖ್ಯೆ ದೊಡ್ಡದು" ಎಂದು ಕಲಿತ ಮಗುವಿಗೆ 0.4ಕ್ಕಿಂತ 0.35 ದೊಡ್ಡದು. ನಿಯಮ ಹೇಳಿಕೊಟ್ಟ ಟೀಚರ್ ಆ ಹೊತ್ತಿಗೆ ಎದುರಿಗಿರುವುದಿಲ್ಲ. ಮುಂದಿನ ತರಗತಿಯ ಟೀಚರ್ ಮಗುವನ್ನು ದೂರುತ್ತಾರೆ.

ಸಮ ಚಿಹ್ನೆಯ ಕಥೆಯೂ ಇದೇ. 8 + 4 = □ + 5, ಚೌಕದಲ್ಲಿ ಏನು ಬರಬೇಕು? ಅಮೆರಿಕದ ಒಂದು ಅಧ್ಯಯನದಲ್ಲಿ ಆರನೇ ತರಗತಿಯ 145 ಮಕ್ಕಳಿಗೆ ಇದನ್ನು ಕೊಟ್ಟಾಗ ಎಲ್ಲರೂ 12 ಅಥವಾ 17 ಎಂದರು, ಒಬ್ಬರೂ 7 ಎನ್ನಲಿಲ್ಲ. ಐದಾರು ವರ್ಷ ಅವರು ನೋಡಿದ ಪ್ರತಿ ಲೆಕ್ಕದಲ್ಲೂ ಚಿಹ್ನೆಯ ಬಲಕ್ಕೆ ಉತ್ತರ ಒಂದೇ ಇತ್ತು. ಹಾಗಾಗಿ ಆ ಚಿಹ್ನೆಗೆ "ಈಗ ಉತ್ತರ ಬರೆ" ಎಂದೇ ಅರ್ಥ. ಪರಿಹಾರಕ್ಕೆ ಖರ್ಚಿಲ್ಲ. ಒಂದನೇ ತರಗತಿಯಿಂದಲೇ 12 = 8 + 4 ಎಂದೂ ಬರೆಯಿರಿ. "ಎಂಟು ನಾಲ್ಕು ಕೂಡಿದರೆ ಹನ್ನೆರಡು ಬರುತ್ತೆ" ಎಂದು ಓದುವ ಜೊತೆಗೆ "ಹನ್ನೆರಡಕ್ಕೆ ಸಮ" ಎಂದೂ ಓದಿಸಿ. ವಾರಕ್ಕೆರಡು ಸಲ ಐದೈದು ನಿಮಿಷ 7 = 7, 6 + 3 = 5 + 4, 6 + 3 = 9 + 1 ಇಂಥವನ್ನು ಬರೆದು ಸರಿಯೋ ತಪ್ಪೋ ಎಂದು ಕೇಳಿ, ಮಕ್ಕಳೇ ವಾದ ಮಾಡಲಿ.

ಓದು ಬರಹದಲ್ಲೂ ತಪ್ಪನ್ನು ಹೀಗೇ ಬಿಡಿಸಬಹುದು. 'ಕಲ್ಲು', 'ಕಾಲು' ಎರಡಕ್ಕೂ 'ಕಲು' ಎಂದು ಬರೆಯುವ ಮಗುವಿಗೆ ಹತ್ತು ಸಲ ಕಾಪಿ ಬರೆಸುವ ಮೊದಲು ಎರಡು ಚಿತ್ರ ಇಟ್ಟು, ಪದ ಹೇಳಿ, ಸರಿಯಾದದ್ದನ್ನು ಮುಟ್ಟಲು ಹೇಳಿ. ಸರಿ ಮುಟ್ಟಿದರೆ ಕಿವಿ ಚೆನ್ನಾಗಿದೆ, ಕೇಳಿದ ದೀರ್ಘಕ್ಕೂ ಒತ್ತಿಗೂ ಬರಹದಲ್ಲಿ ಜಾಗ ಇದೆ ಎನ್ನುವುದು ಮಾತ್ರ ಹೊಳೆದಿಲ್ಲ. ತಾನು ಬರೆದದ್ದನ್ನು ಮಗುವೇ ಬೆರಳಿಟ್ಟು ಓದಲಿ, 'ಕಲು' ಎಂದು ಬಾಯಲ್ಲಿ ಬಂದಾಗ ತಾನೇ ತಡೆಯುತ್ತದೆ. ಇನ್ನು 'ಹಾಲು' ಎನ್ನುವುದನ್ನು 'ಆಲು' ಎಂದು ಬರೆಯುವ ಮಗು ಮನೆಯಲ್ಲಿ ಕೇಳಿದ ದನಿಯನ್ನು ನಿಷ್ಠೆಯಿಂದ ಬರೆದಿದೆ. ದನಿಯನ್ನು ಅಕ್ಷರವಾಗಿಸುವ ಕೌಶಲ ಅದಕ್ಕೆ ಬಂದಿದೆ ಎಂಬುದಕ್ಕೆ ಅದೇ ಸಾಕ್ಷಿ. ಮಾತಿನ ರೂಪ, ಬರಹದ ರೂಪ ಎರಡನ್ನೂ ಅಕ್ಕಪಕ್ಕ ಬರೆದು ತೋರಿಸಿದರೆ ಸಾಕು. ನಕ್ಕರೆ ಆ ಮಗು ಬರೆಯುವುದನ್ನೇ ನಿಲ್ಲಿಸುತ್ತದೆ.

ವಿಜ್ಞಾನದಲ್ಲಿ ತೊಡಕು ಬೇರೆ: ಮಕ್ಕಳ ತಪ್ಪು ಕಲ್ಪನೆ ಕೆಲವೊಮ್ಮೆ ಶಿಕ್ಷಕರದ್ದೂ ಆಗಿರುತ್ತದೆ. ಸೂರ್ಯನಿಗೆ ಭೂಮಿ ಹತ್ತಿರ ಬಂದಾಗ ಬೇಸಿಗೆ, ಗಿಡಕ್ಕೆ ಮಣ್ಣೇ ಊಟ, ಭಾರದ ವಸ್ತು ಬೇಗ ಬೀಳುತ್ತದೆ. ಭೂಮಿ ಸೂರ್ಯನಿಗೆ ಅತಿ ಹತ್ತಿರ ಇರುವುದು ಜನವರಿ ಮೊದಲ ವಾರದಲ್ಲಿ, ಉತ್ತರ ಗೋಳಾರ್ಧದಲ್ಲಿ ಚಳಿ ಇರುವಾಗ, ಎಂಬ ಒಂದು ಸಂಗತಿ ಗೊತ್ತಿದ್ದರೆ ಮೊದಲನೆಯದು ನಿಲ್ಲುವುದಿಲ್ಲ. ಫಿಲಿಪ್ ಸ್ಯಾಡ್ಲರ್ ಮತ್ತು ಜೊತೆಗಾರರು 2013ರಲ್ಲಿ ಸ್ವಲ್ಪ ದೊಡ್ಡ ಮಕ್ಕಳ ತರಗತಿಗಳಲ್ಲಿ ಕಂಡುಕೊಂಡದ್ದು ಇಲ್ಲಿಗೂ ದಾರಿ ತೋರಿಸುತ್ತದೆ: ಸರಿ ಉತ್ತರದ ಜೊತೆಗೆ, ಮಕ್ಕಳು ಯಾವ ತಪ್ಪು ಉತ್ತರವನ್ನು ಹೆಚ್ಚಾಗಿ ಆರಿಸುತ್ತಾರೆ ಎಂದೂ ಹೇಳಬಲ್ಲ ಶಿಕ್ಷಕರ ತರಗತಿಯಲ್ಲಿ ಕಲಿಕೆ ಹೆಚ್ಚು.

ಹಾಗಾದರೆ ನಂಬಿಕೆ ಬದಲಾಗುವುದು ಹೇಗೆ? "ಎಲ್ಲ ಮಕ್ಕಳೂ ಕಲಿಯಬಲ್ಲರು" ಎಂದು ಗೋಡೆಗೆ ಬರೆಸುವುದರಿಂದ ಬದಲಾಗುವುದಿಲ್ಲ. ಥಾಮಸ್ ಗಸ್ಕಿ 1986ರಲ್ಲಿ ಹೇಳಿದ ಕ್ರಮವೇ ಸರಿ ಎನಿಸುತ್ತದೆ: ಮೊದಲು ಕಲಿಸುವ ರೀತಿ ಸ್ವಲ್ಪ ಬದಲಾಗಬೇಕು, ಅದರಿಂದ ತಮ್ಮದೇ ತರಗತಿಯ ಮಕ್ಕಳಲ್ಲಿ ಬದಲಾವಣೆ ಕಣ್ಣಿಗೆ ಕಾಣಬೇಕು, ನಂಬಿಕೆ ಆಮೇಲೆ ಬರುತ್ತದೆ. 1989ರಲ್ಲಿ ಥಾಮಸ್ ಕಾರ್ಪೆಂಟರ್, ಎಲಿಜಬೆತ್ ಫೆನೆಮಾ ಮತ್ತು ಜೊತೆಗಾರರು ಒಂದನೇ ತರಗತಿಯ 40 ಶಿಕ್ಷಕರಲ್ಲಿ ಅರ್ಧದಷ್ಟು ಮಂದಿಗೆ ಒಂದು ತಿಂಗಳ ಕಾರ್ಯಾಗಾರ ನಡೆಸಿದರು. ಪಾಠದ ಯೋಜನೆ ಕೊಡಲಿಲ್ಲ. ಕೂಡುವ ಕಳೆಯುವ ಸಮಸ್ಯೆಗಳು ಎಷ್ಟು ಬಗೆ, ಮಕ್ಕಳು ಅವನ್ನು ಯಾವ ದಾರಿಯಲ್ಲಿ ಬಿಡಿಸುತ್ತಾರೆ ಎಂಬುದನ್ನು ಮಾತ್ರ ತಿಳಿಸಿದರು. ಮೊದಲು ವಸ್ತು ಜೋಡಿಸಿ ಎಲ್ಲವನ್ನೂ ಎಣಿಸುವುದು, ಆಮೇಲೆ ಒಂದು ಸಂಖ್ಯೆಯಿಂದ ಮುಂದಕ್ಕೆ ಎಣಿಸುವುದು, ಆಮೇಲೆ "ಆರು ಆರು ಹನ್ನೆರಡು, ಅದಕ್ಕೇ ಆರು ಏಳು ಹದಿಮೂರು" ಎಂದು ಗೊತ್ತಿರುವುದರಿಂದ ಗೊತ್ತಿಲ್ಲದ್ದಕ್ಕೆ ಹೋಗುವುದು. ಆ ಶಿಕ್ಷಕರು ಮಗ್ಗಿಯಂಥ ಬಾಯಿಪಾಠಕ್ಕೆ ಕಡಿಮೆ ಸಮಯ ಕೊಟ್ಟು ಮಕ್ಕಳ ಮಾತು ಹೆಚ್ಚು ಕೇಳಿದರು. ಮಕ್ಕಳು ಸಮಸ್ಯೆ ಬಿಡಿಸುವುದರಲ್ಲೂ ಮುಂದಿದ್ದರು, ಕೂಡುವ ಕಳೆಯುವ ಸಂಗತಿಗಳನ್ನು ನೆನಪಿನಿಂದ ಹೇಳುವುದರಲ್ಲೂ ಹಿಂದೆ ಬೀಳಲಿಲ್ಲ.

ಶಾಲೆಯಲ್ಲಿ ಶುರುಮಾಡಲು ಒಂದು ನೋಟ್‌ಬುಕ್ ಸಾಕು. ಮಗುವಿಗೆ ಒಂದು ಪುಟ, ವಾರಕ್ಕೆ ಒಂದು ಸಾಲು. ಮಗು ಎಂಥದ್ದು ಎಂದು ಬರೆಯಬಾರದು, ಮಗು ಏನು ಮಾಡಿತು ಎಂದು ಬರೆಯಬೇಕು. "ಗಣಿತದಲ್ಲಿ ಹಿಂದೆ" ಎಂದು ಬರೆದರೆ ಮುಂದಿನ ವಾರ ಮಾಡಲು ಏನೂ ಇರುವುದಿಲ್ಲ. "43 − 16 = 33; ಕಡ್ಡಿ ಕೊಟ್ಟಾಗ ಹತ್ತರ ಕಟ್ಟು ಬಿಚ್ಚಿದಳು, 27 ಬಂತು" ಎಂದು ಬರೆದರೆ ಮುಂದಿನ ಹೆಜ್ಜೆ ಅದರಲ್ಲೇ ಇದೆ. 40 ಮಕ್ಕಳಿದ್ದರೆ ದಿನಕ್ಕೆ ಎಂಟು ಸಾಲು, ಐದು ದಿನಕ್ಕೆ ಒಂದು ಸುತ್ತು. ಕೈತಪ್ಪುವುದು ಸಾಮಾನ್ಯವಾಗಿ ಸದ್ದಿಲ್ಲದ ಮಧ್ಯಮ ಮಕ್ಕಳು, ಅವರ ಪುಟ ಖಾಲಿ ಉಳಿಯುತ್ತದೆ. ಖಾಲಿ ಪುಟದಿಂದಲೇ ಸೋಮವಾರ ಶುರುಮಾಡಿ. ಉತ್ತರಪತ್ರಿಕೆ ತಿದ್ದುವಾಗ ಹೆಸರಿನ ಜಾಗ ಮಡಚಿಡಿ. ತಿಂಗಳಿಗೊಮ್ಮೆ ಸಹೋದ್ಯೋಗಿಯೊಬ್ಬರು ಮಕ್ಕಳು ಕೂರುವ ನಕ್ಷೆ ಹಿಡಿದು ಅರ್ಧ ಗಂಟೆ ಹಿಂದೆ ಕೂರಲಿ: ಪ್ರಶ್ನೆ ಹೋದ ಕಡೆ ಗೆರೆ, ಸುಳಿವು ಸಿಕ್ಕ ಕಡೆ ಸುತ್ತು, ಕೈಬಿಟ್ಟು ಬೇರೆಯವರಿಗೆ ಹೋದ ಕಡೆ ಅಡ್ಡಗೆರೆ. ಮೊದಲ ಹತ್ತು ನಿಮಿಷ ಎಲ್ಲರೂ ಎಚ್ಚರಿಕೆಯಿಂದ ಇರುತ್ತಾರೆ, ಆದ್ದರಿಂದ ಕೊನೆಯ ಇಪ್ಪತ್ತು ನಿಮಿಷದ ಗುರುತುಗಳನ್ನೇ ನಂಬಿ.

ಆ ಇಬ್ಬರು ಮಕ್ಕಳಿಗೆ ಮರಳೋಣ. ಹತ್ತು ಹತ್ತು ಕಡ್ಡಿಯ ನಾಲ್ಕು ಕಟ್ಟು, ಮೂರು ಬಿಡಿ ಕಡ್ಡಿ ಕೊಡಿ. "ಹದಿನಾರು ನನಗೆ ಕೊಡು" ಎನ್ನಿ. ಮೊದಲ ಮಗು ಬಿಡಿ ಕಡ್ಡಿ ಮೂರೇ ಇರುವುದನ್ನು ನೋಡಿ ತಡೆಯುತ್ತದೆ. ಸುಮ್ಮನೆ ಕಾಯಿರಿ, ಕಟ್ಟು ಬಿಚ್ಚುವ ಉಪಾಯ ಮಗುವಿಗೇ ಹೊಳೆಯಲಿ. ಎರಡನೇ ಮಗು ಕಟ್ಟು ಬಿಚ್ಚಿದ ತಕ್ಷಣ "ಈಗ ಕಟ್ಟು ಎಷ್ಟು ಉಳಿದವು?" ಎಂದು ಕೇಳಿ, ಆ ಮೂರನ್ನು ಆಗಲೇ ಸ್ಲೇಟಿನಲ್ಲಿ ಬರೆಸಿ. "ಸಾಲ" ಎಂಬ ಮಾತನ್ನು ಬಿಟ್ಟು "ಬಿಚ್ಚು" ಅಥವಾ "ಚಿಲ್ಲರೆ ಮಾಡು" ಎನ್ನಿ. ಸಾಲ ಅಂದರೆ ಹೊರಗಿನಿಂದ ಬಂದ ಹಾಗೆ ಕೇಳುತ್ತದೆ, ಬಿಚ್ಚಿದ್ದು ಮನೆಯೊಳಗಿನದೇ. ಕಡ್ಡಿಯಲ್ಲಿ ಒಂದು ಹೆಜ್ಜೆ, ಸ್ಲೇಟಿನಲ್ಲಿ ಒಂದು ಹೆಜ್ಜೆ, ಹೀಗೆ ಜೊತೆಜೊತೆಗೆ ಸಾಗಬೇಕು. ಕಡ್ಡಿಯ ಆಟ ಪೂರ್ತಿ ಮುಗಿಸಿ, ಮರುದಿನ ಸ್ಲೇಟು ಹಿಡಿದರೆ ಎರಡಕ್ಕೂ ನಂಟು ಬೆಸೆಯುವುದಿಲ್ಲ. ದಿನಕ್ಕೆ ನಾಲ್ಕು ಲೆಕ್ಕ ಸಾಕು, ನಲವತ್ತು ಬೇಡ.

ಎರಡಂಕಿ ಸರಿಹೋದ ಮೇಲೆ ಒಂದು ದಿನ 403 − 168 ಕೊಟ್ಟು ನೋಡಿ. ನಡುವೆ ಸೊನ್ನೆ ಇದ್ದಾಗ ಹಳೆಯ ತಪ್ಪು ಮತ್ತೆ ತಲೆ ಎತ್ತುತ್ತದೆ. 365 ಬಂದರೆ ಮಗು ಮತ್ತೆ ದೊಡ್ಡದರಿಂದ ಚಿಕ್ಕದನ್ನು ಕಳೆದಿದೆ. 335 ಬಂದರೆ ಸೊನ್ನೆಯನ್ನು 9 ಮಾಡಿ ನೂರರ ಕಟ್ಟನ್ನು ಹಾಗೇ ಬಿಟ್ಟಿದೆ. 245 ಬಂದರೆ ನೂರರ ಕಟ್ಟು ಬಿಚ್ಚಿದ್ದು ನೆನಪಿದೆ, ಅದರಿಂದ ಬಂದ ಹತ್ತು ಕಟ್ಟುಗಳಲ್ಲಿ ಒಂದನ್ನು ಬಿಡಿ ಮಾಡಿದ್ದು ಮರೆತಿದೆ. 235 ಬಂದರೆ "ಹೇಗೆ ಬಂತು ಹೇಳು" ಎಂದು ಕೇಳಿ, ಮೂರು ಸೆಕೆಂಡು ಕಾಯಿರಿ.